ಇಷ್ಟಪಟ್ಟು ಮಾಡುವ ಕೆಲಸ ದಣಿಸುವುದಿಲ್ಲವೇ? ಬೆಲ್ಲಿ ಡಾನ್ಸ್ ಸಂಘಗಳನ್ನು ನಡೆಸುವವರನ್ನು ಕೇಳಿ ನೋಡಿ

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಒಂದು ಊರಿನ ಸಮುದಾಯ ಭವನವನ್ನು ಕಲ್ಪಿಸಿಕೊಳ್ಳಿ. ಶನಿವಾರ ಸಂಜೆ, ಅಲ್ಲಿನ ಬೆಲ್ಲಿ ಡಾನ್ಸ್ ಸಂಘದ ವಾರ್ಷಿಕ ಪ್ರದರ್ಶನ. ವೇದಿಕೆಯ ಮೇಲೆ ಕಾಲೇಜು ಹುಡುಗಿಯರಿಂದ ಹಿಡಿದು ನಿವೃತ್ತರಾದ ಅಜ್ಜಿಯರವರೆಗೆ ಎಲ್ಲರೂ ಇದ್ದಾರೆ. ಕಾರ್ಯಕ್ರಮ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಎಲ್ಲರೂ ಫೋಟೊ ತೆಗೆಸಿಕೊಂಡು ಮನೆಗೆ ಹೊರಡುತ್ತಾರೆ. ಕುರ್ಚಿ ಮಡಚಲು, ನೆಲ ಗುಡಿಸಲು, ಟಿಕೆಟ್ ಹಣ ಎಣಿಸಲು, ಬಾಗಿಲಿಗೆ ಬೀಗ ಹಾಕಲು ಉಳಿಯುವವರು ಮೂರ್ನಾಲ್ಕು ಮಂದಿ. ಕಳೆದ ವರ್ಷ ಉಳಿದವರೂ ಅವರೇ.

"ಅವರಿಗೆ ಡಾನ್ಸ್ ಅಂದರೆ ಪ್ರಾಣ, ಅದಕ್ಕೇ ಮಾಡುತ್ತಾರೆ" ಎಂದು ಉಳಿದವರು ಹೇಳುವುದುಂಟು. ಈ ಮಾತಿನ ಹಿಂದೆ ನಾವೆಲ್ಲ ನಂಬಿರುವ ಒಂದು ಸಂಗತಿ ಇದೆ: ಇಷ್ಟಪಟ್ಟು ಮಾಡುವ ಕೆಲಸ ಯಾರನ್ನೂ ದಣಿಸುವುದಿಲ್ಲ. ಇದು ಎಷ್ಟು ನಿಜ?

ಮೊದಲು, ಈ ನೃತ್ಯದ ಬಗ್ಗೆ ಎರಡು ಮಾತು

ಅರಬ್ಬಿ ಭಾಷೆಯಲ್ಲಿ ಈ ನೃತ್ಯದ ಹೆಸರು ರಖ್ಸ್ ಶರ್ಕಿ, ಅಂದರೆ ಪೂರ್ವದ ನೃತ್ಯ. "ಹೊಟ್ಟೆಯ ನೃತ್ಯ" ಎಂಬ ಹೆಸರು ಕೊಟ್ಟವರು ಫ್ರೆಂಚರು. 1893ರ ಶಿಕಾಗೋ ವಿಶ್ವ ಮೇಳದಲ್ಲಿ ಕೈರೋ ಬೀದಿಯೊಂದನ್ನು ಮರುಸೃಷ್ಟಿಸಿ, ಅಲ್ಲಿ ಈ ನೃತ್ಯವನ್ನು ತೋರಿಸಲಾಯಿತು. ಮೇಳದ ಮನರಂಜನಾ ವಿಭಾಗ ನೋಡಿಕೊಳ್ಳುತ್ತಿದ್ದ ಸೋಲ್ ಬ್ಲೂಮ್ ಜನರ ಕುತೂಹಲವನ್ನು ಚೆನ್ನಾಗಿಯೇ ದುಡಿಸಿಕೊಂಡರು. ಅಮೆರಿಕನ್ನರ ಮನಸ್ಸಿನಲ್ಲಿ ಈ ನೃತ್ಯ "ಗಂಡಸರನ್ನು ಸೆಳೆಯುವ ಕುಣಿತ" ಎಂದು ಅಚ್ಚೊತ್ತಿದ್ದು ಹೀಗೆ. ಈಜಿಪ್ಟಿನಲ್ಲಾದರೆ ಮದುವೆ ಮನೆಗಳಲ್ಲಿ, ಹೆಂಗಸರ ಕೂಟಗಳಲ್ಲಿ ಎಲ್ಲ ವಯಸ್ಸಿನವರೂ ಕುಣಿಯುವ ರೂಪವೊಂದು ಇದೆ. 1926ರಲ್ಲಿ ಬದಿಯಾ ಮಸಾಬ್ನಿ ಕೈರೋದಲ್ಲಿ ತೆರೆದ ರಂಗಸ್ಥಳದಿಂದ ಬೆಳೆದು, ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್‌ರಂಥ ತಾರೆಯರನ್ನು ಕೊಟ್ಟ ವೇದಿಕೆಯ ರೂಪವೂ ಇದೆ.

ಇನ್ನೊಂದು ಜನಪ್ರಿಯ ನಂಬಿಕೆ, ಬೆಲ್ಲಿ ಡಾನ್ಸ್ ಮಾಡಿದರೆ ಹೊಟ್ಟೆಯ ಬೊಜ್ಜು ಕರಗುತ್ತದೆ ಎಂಬುದು. ದೇಹ ಕೊಬ್ಬನ್ನು ಬಳಸಿಕೊಳ್ಳುವಾಗ ನಾವು ಅಲುಗಾಡಿಸಿದ ಜಾಗದಿಂದಲೇ ತೆಗೆಯುವುದಿಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 24 ಜನರ ಪೈಕಿ ಒಂದು ಗುಂಪು ಆರು ವಾರ ಹೊಟ್ಟೆಯ ವ್ಯಾಯಾಮವನ್ನೇ ಮಾಡಿತು. ಸ್ನಾಯುಗಳ ತಾಳಿಕೆ ಹೆಚ್ಚಿತು, ಹೊಟ್ಟೆಯ ಕೊಬ್ಬು ಮಾತ್ರ ಕಡಿಮೆಯಾಗಲಿಲ್ಲ. ಬೆಲ್ಲಿ ಡಾನ್ಸ್ ಒಳ್ಳೆಯ ವ್ಯಾಯಾಮವೇ, ಆದರೆ ಹೊಟ್ಟೆ ಕರಗಿಸುವ ಮಾಂತ್ರಿಕ ವಿದ್ಯೆಯಲ್ಲ.

ಹಾಗಾದರೆ ಜನ ಇದಕ್ಕೆ ಯಾಕೆ ಬರುತ್ತಾರೆ? ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮಾರಿಕಾ ಟಿಗ್ಗೆಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಬೆಲ್ಲಿ ಡಾನ್ಸ್ ಮಾಡುವ ಮಹಿಳೆಯರಿಗೆ ತಮ್ಮ ದೇಹದ ಬಗ್ಗೆ, ಈ ನೃತ್ಯ ಮಾಡದವರಿಗಿಂತ ಹೆಚ್ಚು ಸಮಾಧಾನವಿತ್ತು. ನೃತ್ಯದಿಂದ ಸಮಾಧಾನ ಬಂತೋ, ಸಮಾಧಾನ ಇದ್ದವರೇ ನೃತ್ಯಕ್ಕೆ ಬಂದರೋ ಎಂದು ಈ ಅಧ್ಯಯನದಿಂದ ಖಚಿತವಾಗಿ ಹೇಳಲಾಗದು. ಆದರೂ ಯಾವ ಮೈಕಟ್ಟಿನವರಾದರೂ, ಎಷ್ಟೇ ವಯಸ್ಸಾಗಿದ್ದರೂ ನಾಚಿಕೆಯಿಲ್ಲದೆ ಬರಬಹುದಾದ ಜಾಗ ಎಂಬುದು ಸಣ್ಣ ಸಂಗತಿಯಲ್ಲ. ಆ ಜಾಗವನ್ನು ಉಳಿಸಿಕೊಂಡು ಹೋಗುತ್ತಿರುವವರು ಸಂಬಳವಿಲ್ಲದ ಕೆಲವರು.

ಕಾಣದ ಕೆಲಸಗಳು

ಇಂಥ ಸಂಘಗಳೆಲ್ಲ ಬರೀ ಹವ್ಯಾಸಕ್ಕೆ ಹುಟ್ಟಿದವಲ್ಲ. ಅಮೆರಿಕದ ಹೆಸರಾಂತ ಸಂಘವಾದ 'ಮೆಕ್ಡಾ' 1977ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು ನೈಟ್‌ಕ್ಲಬ್‌ಗಳಲ್ಲಿ ಕುಣಿಯುವವರಿಗೆ ನ್ಯಾಯವಾದ ಸಂಭಾವನೆ, ಸರಿಯಾದ ವ್ಯವಸ್ಥೆ ಕೇಳಲು. ಇಂದು ಅದು ಈ ಕಲೆಯ ಪ್ರಸಾರಕ್ಕೆ ದುಡಿಯುವ ಲಾಭರಹಿತ ಸಂಸ್ಥೆ.

ಆದರೆ ಸಂಭಾವನೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಹವ್ಯಾಸಕ್ಕೆ ಕಲಿತವರು ಖುಷಿಗೆಂದು ರೆಸ್ಟೊರೆಂಟಿನಲ್ಲಿ ಬಿಟ್ಟಿ ಕುಣಿದರೆ, ಅದನ್ನೇ ನಂಬಿ ಬದುಕುವ ನರ್ತಕಿಯ ಅನ್ನಕ್ಕೆ ಕಲ್ಲು ಬೀಳುತ್ತದೆ. ಸಂಘದಲ್ಲಿ ಇಬ್ಬರೂ ಸದಸ್ಯರು. ಇವರ ನಡುವೆ ನಿಯಮ ಮಾಡಬೇಕಾದವರು ಅದೇ ಸ್ವಯಂಸೇವಕರು. ಅರಬ್ ಮೂಲದವರಲ್ಲದ ಮಹಿಳೆಯರು ಈ ನೃತ್ಯ ಮಾಡುವುದು ಸರಿಯೇ ಎಂದು 2014ರಲ್ಲಿ ಲೇಖಕಿ ರಂಡಾ ಜರ್ರಾರ್ ಎತ್ತಿದ ಪ್ರಶ್ನೆ ದೊಡ್ಡ ಚರ್ಚೆಯಾಯಿತು. ಅಂಥ ಪ್ರಶ್ನೆಗಳಿಗೂ ಸಂಘದ ಪರವಾಗಿ ಉತ್ತರಿಸಬೇಕಾದವರು ಇವರೇ.

ಇದರ ಜೊತೆಗೆ ದಿನನಿತ್ಯದ ಕೆಲಸಗಳು: ಭವನ ಕಾಯ್ದಿರಿಸುವುದು, ವಿಮೆ, ಹಾಡು ಬಳಸಲು ಪರವಾನಗಿ, ಲೆಕ್ಕಪತ್ರ, ಹೊಸಬರ ಫೋನ್ ಕರೆ, ಹಳಬರ ಮುನಿಸು. "ಬೆಲ್ಲಿ ಡಾನ್ಸ್ ಅಂದರೆ ಅದೇ ಅಲ್ವಾ?" ಎಂದು ಹುಬ್ಬೇರಿಸುವ ಭವನದ ಮಾಲೀಕರಿಗೆ ಇದೊಂದು ಕಲೆ ಎಂದು ವಿವರಿಸುವುದು ಬೇರೆ. ತಬಲಾ ಕ್ಲಾಸಿಗೆ ಜಾಗ ಕೇಳುವವರಿಗೆ ಈ ಕಷ್ಟ ಇರುವುದಿಲ್ಲ. ಇವುಗಳಲ್ಲಿ ಒಂದೂ ನೃತ್ಯವಲ್ಲ ಎಂಬುದನ್ನು ಗಮನಿಸಿ. ನೃತ್ಯ ಇಷ್ಟವೆಂದು ಬಂದವರು ಕೊನೆಗೆ ನೃತ್ಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿರುತ್ತಾರೆ.

'ಬರ್ನೌಟ್' ಎಂಬ ಪದ ಹುಟ್ಟಿದ್ದು ಎಲ್ಲಿ?

ಬರ್ನೌಟ್ ಎಂದರೆ ನಮಗೆ ನೆನಪಾಗುವುದು ಐಟಿ ಕಂಪನಿ, ಟಾರ್ಗೆಟ್, ರಾತ್ರಿ ಪಾಳಿ. ಆದರೆ ಈ ಪದವನ್ನು ಮನೋವಿಜ್ಞಾನಕ್ಕೆ ತಂದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅದನ್ನು ಕಂಡದ್ದು ಕಾರ್ಪೊರೇಟ್ ಕಚೇರಿಯಲ್ಲಲ್ಲ. ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ಅವರೂ ಸ್ವಯಂಸೇವಕರಾಗಿ ದುಡಿಯುತ್ತಿದ್ದರು. ಉತ್ಸಾಹದಿಂದ ಬಂದ ಸಹೋದ್ಯೋಗಿಗಳು ಕ್ರಮೇಣ ಸಿಡುಕರಾಗಿ, ನಿರಾಸಕ್ತರಾಗಿ, ಒಣಗಿಹೋಗುವುದನ್ನು ಅವರು ನೋಡಿದರು. ತಮ್ಮಲ್ಲೂ ಅದನ್ನು ಗುರುತಿಸಿಕೊಂಡರು. 1974ರ ಲೇಖನದಲ್ಲಿ ಅವರು ಹೇಳಿದ್ದು, ಸಾಮಾನ್ಯವಾಗಿ ಕೆಲಸಕ್ಕೆ ಸೇರಿದ ಒಂದು ವರ್ಷದ ಹೊತ್ತಿಗೆ ಇದು ಕಾಣಿಸಿಕೊಳ್ಳುತ್ತದೆ ಮತ್ತು ಹೆಚ್ಚು ಬಲಿಯಾಗುವವರು ಹೆಚ್ಚು ನಿಷ್ಠೆಯುಳ್ಳವರೇ ಎಂದು. ಅಂದರೆ ಪ್ರೀತಿ ದಣಿವಿಗೆ ರಕ್ಷಾಕವಚವಲ್ಲ. ಅಪಾಯವೇ ಅಲ್ಲಿಂದ ಶುರುವಾಗುತ್ತದೆ, ಏಕೆಂದರೆ ಪ್ರೀತಿ ಇರುವವರಿಗೆ "ಆಗುವುದಿಲ್ಲ" ಎನ್ನಲು ಬಾಯಿ ಬರುವುದಿಲ್ಲ.

ವಿಪರ್ಯಾಸವೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಇಂದು ಬರ್ನೌಟ್ ಅನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ವ್ಯಾಖ್ಯಾನಿಸುತ್ತದೆ. ಸ್ವಯಂಸೇವಕರ ನಡುವೆ ಹೆಸರು ಪಡೆದ ಸಮಸ್ಯೆಯ ಪಟ್ಟಿಯಲ್ಲಿ ಈಗ ಸ್ವಯಂಸೇವಕರೇ ಇಲ್ಲ. ರಜೆ ಇಲ್ಲ, ರಾಜೀನಾಮೆ ಕೊಟ್ಟರೆ "ಕೈಬಿಟ್ಟು ಹೋದರು" ಎಂಬ ಮಾತು ಬೇರೆ.

"ಯಾರಾದರೂ ಬನ್ನಿ" ಎಂದರೆ ಯಾರೂ ಬರುವುದಿಲ್ಲ, ಯಾಕೆ?

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆ ಇದೆ. ಆ ಹತ್ತು ಜನ ಕಡ್ಡಿ ಎತ್ತುವಂತೆ ಮಾಡುವುದೇ ಕಷ್ಟ. ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮನ್ ನೂರು ವರ್ಷಕ್ಕೂ ಹಿಂದೆ ಹಗ್ಗ ಎಳೆಸಿ ನೋಡಿದಾಗ, ಜನ ಹೆಚ್ಚಾದಂತೆ ಒಬ್ಬೊಬ್ಬರೂ ಹಾಕುವ ಬಲ ಕಡಿಮೆಯಾಗುತ್ತಿತ್ತು. 1979ರಲ್ಲಿ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ, ಕೂಗಾಟದಲ್ಲೂ ಇದನ್ನೇ ಕಂಡರು. ಇದು ಸೋಮಾರಿತನ ಮಾತ್ರವಲ್ಲ; ಗುಂಪಿನಲ್ಲಿ ನಮ್ಮ ಪಾಲು ನಮಗೇ ಕಾಣಿಸುವುದಿಲ್ಲ.

ಸಂವಹನ ಓದಿದವಳಾಗಿ ನನಗೆ ಹೆಚ್ಚು ಹಿಡಿಸಿದ್ದು 2000ದಲ್ಲಿ ಪ್ರಕಟವಾದ ಪ್ಯಾಟ್ರಿಕ್ ಮಾರ್ಕಿಯವರ ಅಧ್ಯಯನ. 400 ಚಾಟ್ ಗುಂಪುಗಳಲ್ಲಿ ಸಣ್ಣದೊಂದು ಸಹಾಯ ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಎಂದು ಅವರು ನೋಡಿದರು. ಗುಂಪು ದೊಡ್ಡದಾದಷ್ಟೂ ಉತ್ತರ ತಡವಾಯಿತು. ಆದರೆ ಒಬ್ಬರ ಹೆಸರು ಹಿಡಿದು ಕೇಳಿದಾಗ ಆ ವಿಳಂಬ ಹೆಚ್ಚುಕಡಿಮೆ ಮಾಯವಾಯಿತು. ವಾಟ್ಸ್ಆ್ಯಪ್ ಗುಂಪಿನಲ್ಲಿ "ಶನಿವಾರ ಯಾರಾದರೂ ಬೇಗ ಬರುತ್ತೀರಾ?" ಎಂದು ಹಾಕಿ, ನಲವತ್ತು ಜನ ಓದಿ ಸುಮ್ಮನಾದದ್ದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ನಾಯಕರೇ ಬೇಡ ಎಂದರೆ?

"ನಾವೆಲ್ಲ ಗೆಳತಿಯರು, ಅಧ್ಯಕ್ಷರು ಯಾಕೆ?" ಎಂಬ ವಾದವೂ ಇದೆ. ಅಮೆರಿಕದ ಮಹಿಳಾ ಚಳವಳಿಯ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲೇ ಇದರ ಅಪಾಯ ಗುರುತಿಸಿದ್ದರು. ರಚನೆಯೇ ಇಲ್ಲದ ಗುಂಪು ಎಂಬುದಿಲ್ಲ; ನಿಯಮ ಬರೆದಿಡದಿದ್ದರೆ ಅಧಿಕಾರ ಆಪ್ತರ ಒಳಗುಂಪಿಗೆ ಹೋಗುತ್ತದೆ, ಅವರನ್ನು ಪ್ರಶ್ನಿಸುವ ದಾರಿಯೂ ಇರುವುದಿಲ್ಲ ಎಂಬುದು ಅವರ ವಾದ. ಹಾಗಾಗಿ ಹತ್ತು ವರ್ಷ ಒಬ್ಬರೇ ಸಂಘ ನಡೆಸಿದರೆ ಎರಡೂ ಬದಿಗೆ ನಷ್ಟ. ಅವರು ದಣಿಯುತ್ತಾರೆ, ಉಳಿದವರು "ಅದು ಅವರ ಸಂಘ" ಎಂದುಕೊಳ್ಳುತ್ತಾರೆ. ಒಂದು ದಿನ ಅವರು ನಿಂತರೆ ಪಾಸ್‌ವರ್ಡ್, ಬ್ಯಾಂಕ್ ಸಹಿ, ಭವನದವರ ಪರಿಚಯ ಎಲ್ಲವೂ ಅವರೊಂದಿಗೇ ಹೋಗುತ್ತವೆ.

ಹಾಗಾದರೆ ಏನು ಮಾಡಬಹುದು?

• ಹೆಸರು ಹಿಡಿದು, ಸಣ್ಣ ಕೆಲಸ ಕೇಳಿ. "ಸಮಿತಿಗೆ ಬನ್ನಿ" ಎನ್ನುವುದಕ್ಕಿಂತ "ಈ ತಿಂಗಳ ಟಿಕೆಟ್ ಲೆಕ್ಕ ನೀವು ನೋಡುತ್ತೀರಾ?" ಎನ್ನುವುದು ಮೇಲು.

• ಯಾರಿಗೆ ಏನು ಬೇಕು ಎಂದು ತಿಳಿಯಿರಿ. ಜನ ಸ್ವಯಂಸೇವೆಗೆ ಬರುವ ಆರು ಬಗೆಯ ಕಾರಣಗಳನ್ನು ಗಿಲ್ ಕ್ಲಾರಿ, ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು 1998ರಲ್ಲಿ ಗುರುತಿಸಿದರು. ಮೌಲ್ಯ, ಕಲಿಕೆ, ಸ್ನೇಹ, ವೃತ್ತಿ ಅವುಗಳಲ್ಲಿ ಕೆಲವು. ಸ್ನೇಹಕ್ಕೆ ಬಂದವರನ್ನು ಒಂಟಿಯಾಗಿ ಲೆಕ್ಕಪುಸ್ತಕದ ಮುಂದೆ ಕೂರಿಸಿದರೆ ಅವರು ಹೆಚ್ಚು ದಿನ ಉಳಿಯುವುದು ಕಷ್ಟ.

• ಅಧಿಕಾರಕ್ಕೆ ಅವಧಿ ಇರಲಿ. ಎರಡು ವರ್ಷ ಎಂದು ಬರೆದಿಟ್ಟರೆ ಬಿಡುವವರಿಗೆ ತಪ್ಪಿತಸ್ಥ ಭಾವ ಇರುವುದಿಲ್ಲ, ಬರುವವರಿಗೆ ಭಯ ಇರುವುದಿಲ್ಲ.

• ಎಲ್ಲವನ್ನೂ ಬರೆದಿಡಿ. ಭವನದ ಕೀಲಿ ಯಾರ ಬಳಿ ಎಂಬುದೂ ಸೇರಿ.

• ಅವರನ್ನೂ ಕುಣಿಯಲು ಬಿಡಿ. ಸಂಘ ನಡೆಸುವವರು ತಿಂಗಳಿಗೊಮ್ಮೆಯಾದರೂ ಯಾವ ಜವಾಬ್ದಾರಿಯೂ ಇಲ್ಲದೆ ತರಗತಿಗೆ ಬರುವಂತಾಗಲಿ.

ಕೊನೆಯದಾಗಿ

ನಿಮ್ಮ ಬೀದಿಯ ಗಣೇಶೋತ್ಸವ ಸಮಿತಿಯಲ್ಲೋ, ಅಪಾರ್ಟ್‌ಮೆಂಟ್ ಸಂಘದಲ್ಲೋ ಇಂಥ ಮೂರ್ನಾಲ್ಕು ಮಂದಿ ಖಂಡಿತ ಇರುತ್ತಾರೆ. ಅವರು ಇಷ್ಟಪಟ್ಟೇ ಮಾಡುತ್ತಿರಬಹುದು, ಜೊತೆಗೆ ದಣಿದೂ ಇರಬಹುದು. ಮುಂದಿನ ಬಾರಿ ಕಾರ್ಯಕ್ರಮ ಮುಗಿದಾಗ "ಏನಾದರೂ ಸಹಾಯ ಬೇಕಾ?" ಎಂದು ಕೇಳಬೇಡಿ, ಅವರು "ಪರವಾಗಿಲ್ಲ" ಎಂದೇ ಹೇಳುತ್ತಾರೆ. ನೇರವಾಗಿ ಹೋಗಿ ಕುರ್ಚಿ ಮಡಚಿ.