ಐಡಿ ಬ್ಲಾಕ್ ಆದರೆ ಸುಮ್ಮನೆ ಮನೆಗೆ ಹೋಗಬೇಡಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ಆ್ಯಪ್ ನಂಬಿ ದುಡಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನಮ್ಮ ಕೆಲಸ ಹೋಗುವ ರೀತಿ ನಿಮಗೆ ಗೊತ್ತೇ ಇದೆ. ಯಾರೂ ಕರೆದು ಮಾತಾಡುವುದಿಲ್ಲ, ಒಂದು ಕಾಗದವೂ ಕೈಗೆ ಬರುವುದಿಲ್ಲ. ಹೋಪ್‌ಫಾರ್ಮ್ ಸಿಗ್ನಲ್ ದಾಟಿ ಗಾಡಿಗೆ ಸ್ಟ್ಯಾಂಡ್ ಹಾಕಿ, ಮುಂದಿನ ಆರ್ಡರ್ ನೋಡೋಣ ಅಂತ ಫೋನ್ ತೆಗೆದರೆ ಲಾಗಿನ್ ಆಗುವುದಿಲ್ಲ. ಐಡಿ ಬ್ಲಾಕ್. ಹೆಲ್ಪ್ ಒತ್ತಿದರೆ ಚಾಟ್ ತೆರೆಯುತ್ತದೆ. ಏನೇ ಕೇಳಿ, ಅದೇ ಉತ್ತರ: ನಿಯಮ ಉಲ್ಲಂಘನೆ ಕಂಡುಬಂದಿದೆ, ಪರಿಶೀಲಿಸುತ್ತಿದ್ದೇವೆ, ಸಹಕಾರಕ್ಕೆ ಧನ್ಯವಾದ. ಯಾವ ನಿಯಮ? ಯಾವ ದಿನದ್ದು? ಗ್ರಾಹಕರು ಏನೆಂದು ದೂರು ಕೊಟ್ಟಿದ್ದಾರೆ? ಅದಕ್ಕೆ ಉತ್ತರವಿಲ್ಲ. ಹಬ್‌ಗೆ ಹೋದರೆ ಟೀಮ್ ಲೀಡರ್ ‘ಸಿಸ್ಟಮ್ ಮಾಡಿದ್ದು ಕಣಣ್ಣ, ನನ್ನ ಕೈಲೇನಿಲ್ಲ’ ಅಂತ ಕೈಚೆಲ್ಲುತ್ತಾನೆ. ಗಾಡಿಯ ಇಎಂಐ ಮಾತ್ರ ತಾರೀಖು ತಪ್ಪದೆ ಕಟ್ ಆಗುತ್ತದೆ.

ಇಷ್ಟು ವರ್ಷ ಇದನ್ನು ಹಣೆಬರಹ ಅಂದುಕೊಂಡು ಇನ್ನೊಂದು ಆ್ಯಪ್‌ಗೆ ಹೋಗಿ ಸೇರಿಕೊಳ್ಳುತ್ತಿದ್ದೆವು. ಇನ್ನು ಹಾಗೆ ಮಾಡಬೇಕಾಗಿಲ್ಲ. ಕರ್ನಾಟಕದಲ್ಲಿ ಈಗ ನಮ್ಮ ಹೆಸರಿನಲ್ಲೇ ಒಂದು ಕಾನೂನಿದೆ. 2024ರ ಜೂನ್‌ನಲ್ಲಿ ಕರಡು ಬಂತು, 2025ರ ಮೇನಲ್ಲಿ ಸುಗ್ರೀವಾಜ್ಞೆ ಆಯಿತು, ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿತು. ಪೂರ್ತಿ ಹೆಸರು: ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಅಧಿನಿಯಮ, 2025. ಹೆಸರು ಉದ್ದ, ಆದರೂ ಬಾಯಿಪಾಠ ಮಾಡಿಕೊಳ್ಳಿ. ಈ ಹೆಸರು ಹೇಳಿ ಕೇಳುವವನಿಗೆ ಸಿಗುವ ಉತ್ತರವೇ ಬೇರೆ.

ಅದರಲ್ಲಿ ಏನಿದೆ ಅಂದರೆ: ಕಾರಣವನ್ನು ಬರವಣಿಗೆಯಲ್ಲಿ ಕೊಡದೆ, 14 ದಿನ ಮೊದಲೇ ನೋಟಿಸ್ ಕೊಡದೆ ನಿಮ್ಮನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಯಾರಿಗಾದರೂ ದೈಹಿಕ ಹಾನಿಯಾಗುವಂಥ ಪ್ರಕರಣಕ್ಕೆ ಮಾತ್ರ ವಿನಾಯಿತಿ. ಯಾವ ಯಾವ ಕಾರಣಕ್ಕೆ ತೆಗೆಯಬಹುದು ಅನ್ನುವುದು ಕರಾರಿನಲ್ಲೇ ಇರಬೇಕು. ಆ ಕರಾರು ನಿಮಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಇರಬೇಕು, ಕನ್ನಡ ಬೇಕೆಂದರೆ ಕನ್ನಡದಲ್ಲಿ. ಸೇರುವಾಗ ನಾವೆಲ್ಲ ಏನು ಮಾಡಿದ್ದೇವೆ ಯೋಚಿಸಿ. ಬೆರಳಲ್ಲಿ ಎಳೆದಷ್ಟೂ ಮುಗಿಯದ ಇಂಗ್ಲಿಷ್ ಪುಟಗಳು, ಕೆಳಗೆ ‘ಒಪ್ಪುತ್ತೇನೆ’ ಅಂತ ಒಂದು ಬಟನ್, ಹಿಂದೆ ಲೈನಲ್ಲಿ ನಿಂತ ಹುಡುಗರು. ಒತ್ತಿದ್ದೇವೆ. ಆ ಪುಟಗಳೊಳಗೆ ನಮ್ಮ ರೇಟ್ ಇತ್ತು, ದಂಡ ಇತ್ತು, ಜಗಳ ಬಂದರೆ ಎಲ್ಲಿ ಹೋಗಿ ಕೇಳಬೇಕು ಅನ್ನುವುದೂ ಇತ್ತು. ಇನ್ನು ಮೇಲೆ ಕರಾರು ಬದಲಿಸಬೇಕಾದರೂ 14 ದಿನ ಮೊದಲು ತಿಳಿಸಬೇಕು. ರಾತ್ರಿ ಮಲಗುವಾಗ ಒಂದು ರೇಟ್ ಕಾರ್ಡ್, ಬೆಳಿಗ್ಗೆ ಎದ್ದರೆ ಇನ್ನೊಂದು, ಇದು ನಡೆಯಕೂಡದು.

ಸಿಸ್ಟಮ್ ವಿಷಯಕ್ಕೂ ಕಾನೂನು ಬಾಯಿ ಹಾಕಿದೆ, ನನ್ನ ಮಟ್ಟಿಗೆ ಇದೇ ದೊಡ್ಡದು. ಆರ್ಡರ್ ಯಾರಿಗೆ ಹೋಗಬೇಕು, ದುಡ್ಡು ಎಷ್ಟು, ರೇಟಿಂಗ್ ಹೇಗೆ ಲೆಕ್ಕವಾಗುತ್ತದೆ, ನಮ್ಮ ಲೊಕೇಶನ್ ಮಾಹಿತಿಯನ್ನು ಏನು ಮಾಡುತ್ತಾರೆ, ಇದನ್ನೆಲ್ಲ ಯಾವ ಅಳತೆಗೋಲಿನಿಂದ ಕಂಪ್ಯೂಟರ್ ತೀರ್ಮಾನಿಸುತ್ತದೆ ಅನ್ನುವುದನ್ನು ಕಂಪನಿ ನಮಗೆ ತಿಳಿಸಬೇಕು. ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ನೋಡಿ ಭೇದ ಮಾಡಕೂಡದು. ದುಡ್ಡು ಕಟ್ ಮಾಡಿದರೆ ಕಾರಣ ಬಿಲ್‌ನಲ್ಲಿ ಬರೆಯಬೇಕು. ಮಾತಾಡಲು ಒಬ್ಬ ಮನುಷ್ಯ ಸಿಗಬೇಕು. ‘ಸಿಸ್ಟಮ್ ಮಾಡಿದ್ದು’ ಅನ್ನುವುದು ಇನ್ನು ಉತ್ತರವೇ ಅಲ್ಲ.

ಪೀಣ್ಯದವರಿಗೆ ಇದು ಹೊಸ ಮಾತೇನಲ್ಲ. ಎರಡನೇ ಹಂತದ ಯಾವುದೇ ದೊಡ್ಡ ಕಾರ್ಖಾನೆಯಲ್ಲಿ ದುಡಿದ ಹಿರಿಯರನ್ನು ಕೇಳಿ. ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆ ಬಂದದ್ದು 1946ರಲ್ಲಿ. ತಪ್ಪು ಮಾಡಿದ ಅಂದರೂ ಮೊದಲು ಚಾರ್ಜ್‌ಶೀಟ್, ಆಮೇಲೆ ಅವನ ಉತ್ತರ, ಆಮೇಲೆ ವಿಚಾರಣೆ. ವಿಚಾರಣೆಯಲ್ಲಿ ಪಕ್ಕದಲ್ಲಿ ಒಬ್ಬ ಜೊತೆಗಾರ. ಇದೆಲ್ಲ ಮುಗಿದ ಮೇಲೆ ಶಿಕ್ಷೆ. ಟರ್ನರ್‌ಗೆ, ಫಿಟ್ಟರ್‌ಗೆ ಸ್ವಾತಂತ್ರ್ಯಕ್ಕೂ ಮೊದಲೇ ಸಿಕ್ಕ ಆ ಮರ್ಯಾದೆ, ಅದೇ ಕಾರ್ಖಾನೆಯ ಗೇಟಿಗೆ ಊಟದ ಪಾರ್ಸೆಲ್ ತರುವ ಹುಡುಗನಿಗೆ ಸಿಗಲು 2025 ಬರಬೇಕಾಯಿತು. 2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ಕೇಂದ್ರದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 300ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಡೆ ಅದರ ಸ್ಥಾಯಿ ಆದೇಶಗಳು ಅನ್ವಯವಾಗುವುದಿಲ್ಲ. ಆದ್ದರಿಂದ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳ ಅಣ್ಣಂದಿರೂ ಈ ಕರಪತ್ರ ಓದಲಿ.

ಐಟಿಪಿಎಲ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಕೂತು ಕೋಡ್ ಬರೆಯುವವರಿಗೂ ಒಂದು ಮಾತು. ಆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ನಿಮ್ಮ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತಲೇ ಬಂದಿತ್ತು. 2024ರಲ್ಲಿ ಮತ್ತೆ 5 ವರ್ಷಕ್ಕೆ ಮುಂದುವರಿಸಿತು. ಬೆಳಿಗ್ಗೆ ಮೀಟಿಂಗ್‌ಗೆ ಕರೆದು ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಲಾಕ್ ಮಾಡಿ ಕಳಿಸುವುದನ್ನು ನೀವೂ ಕಂಡಿದ್ದೀರಿ. ಅದಕ್ಕೂ ನಮ್ಮ ಐಡಿ ಬ್ಲಾಕ್‌ಗೂ ಏನು ವ್ಯತ್ಯಾಸ? ನಮ್ಮ ಐಡಿ ಬ್ಲಾಕ್ ಮಾಡುವ ಪ್ರೋಗ್ರಾಮ್ ಬರೆಯುವವರಲ್ಲೂ ಎಷ್ಟೋ ಜನ ಇದೇ ಹೊರವರ್ತುಲ ರಸ್ತೆಯ ಆಸುಪಾಸಿನವರು, ನಾವು ಊಟ ತಂದುಕೊಡುವ ಮನೆಯವರು. ನಿಮ್ಮಲ್ಲಿ ನಮ್ಮ ಬೇಡಿಕೆ ಒಂದೇ: ಬ್ಲಾಕ್ ಆದೇಶ ಹೊರಡುವ ಮೊದಲು ಒಬ್ಬ ಮನುಷ್ಯ ಅದನ್ನು ನೋಡಬೇಕು, ಕಾರಣ ಬರೆಯಬೇಕು. ಈ ಹಂತ ಇರಲೇಬೇಕು ಅಂತ ನಿಮ್ಮ ಡಿಸೈನ್ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಹೇಳಿ. ಕಾರಣ ಬರೆದು ಕೊಡುವುದು ಈಗ ಬರೀ ಒಳ್ಳೆಯತನದ ಮಾತಲ್ಲ, ಕಾನೂನಿನ ಮಾತು.

ಈ ಕಾನೂನು ಬೈಕ್ ಓಡಿಸುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಕ್ಯಾಬ್, ಸಾಮಾನು ಸಾಗಣೆ, ಆನ್‌ಲೈನ್ ಮಾರಾಟ, ಮನೆಗೆ ಬಂದು ರಿಪೇರಿ ಮಾಡುವವರು, ಆರೋಗ್ಯ ಸೇವೆ, ಪ್ರವಾಸ, ಎಲ್ಲವೂ ಪಟ್ಟಿಯಲ್ಲಿವೆ. ಕಂಟೆಂಟ್ ಮತ್ತು ಮಾಧ್ಯಮ ಸೇವೆಯೂ ಇದೆ. ದೊಡ್ಡತೋಗೂರಿನ ಪಿಜಿ ರೂಮಿನಲ್ಲಿ ಕೂತು ಯಾವುದೋ ಆ್ಯಪ್ ಮೂಲಕ ಪೀಸ್ ಲೆಕ್ಕದಲ್ಲಿ ವಿಡಿಯೊ ಎಡಿಟ್ ಮಾಡುವ ತಂಗಿ, ಇದು ನಿನಗೂ ಸೇರಿದ್ದು.

ಇದರಲ್ಲಿ ಇಲ್ಲದ್ದನ್ನೂ ಹೇಳಿಬಿಡುತ್ತೇವೆ. ಈ ಕಾನೂನು ನಮ್ಮನ್ನು ಕಂಪನಿಯ ನೌಕರರು ಅಂತ ಒಪ್ಪಿಲ್ಲ. ಪೀಣ್ಯದ ಕಾರ್ಮಿಕನ ಹಾಗೆ ಪಿಎಫ್, ಇಎಸ್‌ಐ ಕೊಡುವುದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರನ್ನು ಕಾರ್ಮಿಕರೆಂದೇ ಘೋಷಿಸಿ ಕನಿಷ್ಠ ಕೂಲಿ, ಸಂಬಳಸಹಿತ ರಜೆಗೆ ದಾರಿ ಮಾಡಿಕೊಟ್ಟಿತು. ಸ್ಪೇನ್ ಅದೇ ವರ್ಷ ಡೆಲಿವರಿ ಹುಡುಗರನ್ನು ನೌಕರರೆಂದು ಪರಿಗಣಿಸುವ ಕಾನೂನು ತಂದಿತು. ನಾವು ಅಲ್ಲಿಗೆ ಇನ್ನೂ ಮುಟ್ಟಿಲ್ಲ. ದಂಡವೂ ಸಾಲದು: ಮೊದಲ ತಪ್ಪಿಗೆ 5,000 ರೂಪಾಯಿ, ಮತ್ತೆ ಮಾಡಿದರೆ 1 ಲಕ್ಷದವರೆಗೆ. ಕೋಟಿಗಟ್ಟಲೆ ವ್ಯವಹಾರದ ಕಂಪನಿಗೆ ಇದೇನೂ ಭಾರವಲ್ಲ. ಹಾಗಾಗಿಯೇ ಒಬ್ಬಿಬ್ಬರ ದೂರಿನಿಂದ ಏನೂ ಆಗದು. ಒಂದೇ ಹಬ್‌ನಿಂದ ಒಂದೇ ತಿಂಗಳಲ್ಲಿ ನೂರು ದೂರು ಹೋದರೆ ಕಾರ್ಮಿಕ ಇಲಾಖೆ ಆ ಹಬ್ ಕಡೆ ತಿರುಗಿ ನೋಡಲೇಬೇಕಾಗುತ್ತದೆ.

ದುಡ್ಡಿನ ಲೆಕ್ಕವೂ ಗೊತ್ತಿರಲಿ. ಪ್ರತಿ ಆರ್ಡರ್‌ಗೆ ನಮಗೆ ಬರುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಈ ಕಾನೂನಿನಡಿಯ ಕಲ್ಯಾಣ ಮಂಡಳಿಯ ನಿಧಿಗೆ ಕಟ್ಟಬೇಕು. 40 ರೂಪಾಯಿಯ ಆರ್ಡರ್‌ಗೆ ಶೇಕಡಾ 1 ಅಂದರೆ 40 ಪೈಸೆ. ಸಣ್ಣದು ಅನಿಸಬಹುದು, ನಿಮ್ಮ ಒಂದು ತಿಂಗಳ ಆರ್ಡರ್‌ಗಳಿಗೆ ಗುಣಿಸಿ, ನಿಮ್ಮ ಹಬ್‌ನ ತಲೆಗಳಿಗೆ ಗುಣಿಸಿ. ಇದರ ಜೊತೆಗೆ, 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಘೋಷಿಸಿದ 4 ಲಕ್ಷ ರೂಪಾಯಿಯ ವಿಮೆ ಬೇರೆಯೇ ಇದೆ: 2 ಲಕ್ಷ ಜೀವ ವಿಮೆ, 2 ಲಕ್ಷ ಅಪಘಾತ ವಿಮೆ. ಕಂತು ಸರ್ಕಾರದ್ದೇ. ಗ್ರಾಫೈಟ್ ಇಂಡಿಯಾ ಸಿಗ್ನಲ್‌ನಲ್ಲಿ, ಗೊರಗುಂಟೆಪಾಳ್ಯದಲ್ಲಿ ಟ್ಯಾಂಕರ್ ಲಾರಿಗಳ ನಡುವೆ ನುಗ್ಗಿ ಹೋಗುವವರು ನಾವು. ಹೆಂಡತಿ ಮಕ್ಕಳಿಗೆ ಇದರ ವಿಷಯ ಇವತ್ತೇ ಹೇಳಿಡಿ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ನಮ್ಮ ಹೆಸರು ಪಟ್ಟಿಯಲ್ಲಿರಬೇಕು. ತಮ್ಮಲ್ಲಿ ದುಡಿಯುವವರ ವಿವರವನ್ನು ಕಲ್ಯಾಣ ಮಂಡಳಿಗೆ ಕೊಡುವುದು ಕಂಪನಿಯ ಕರ್ತವ್ಯ, ಅದರ ಮೇಲೆ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಸಿಗಬೇಕು. ನಿಮಗೆ ಬಂದಿದೆಯಾ? ಇಲ್ಲದಿದ್ದರೆ ಯಾಕಿಲ್ಲ ಅಂತ ಆ್ಯಪ್‌ನಲ್ಲೂ ಇಮೇಲ್‌ನಲ್ಲೂ ಕೇಳಿ. ಇ-ಶ್ರಮ್ ಕಾರ್ಡ್ ಮಾಡಿಸಿಲ್ಲದವರು ಮಾಡಿಸಿಕೊಳ್ಳಿ, ವಿಮೆಗೆ ಅದು ಬೇಕಾಗುತ್ತದೆ.

ಎರಡನೆಯದು ದಾಖಲೆ. ಇದರಲ್ಲೇ ನಾವು ಸೋಲುವುದು. ಐಡಿ ಬ್ಲಾಕ್ ಆದ ಮರುಕ್ಷಣ ಆ್ಯಪ್ ಒಳಗಿನ ನಮ್ಮ ಇಡೀ ಚರಿತ್ರೆ ಕಣ್ಮರೆ: ಓಡಿಸಿದ ಟ್ರಿಪ್, ಬರಬೇಕಾದ ಇನ್ಸೆಂಟಿವ್, ಒಳ್ಳೆಯ ರೇಟಿಂಗ್, ಯಾವುದಕ್ಕೂ ಸಾಕ್ಷಿ ಉಳಿಯುವುದಿಲ್ಲ. ಆದ್ದರಿಂದ ವಾರಕ್ಕೊಮ್ಮೆ, ಪೇಮೆಂಟ್ ಬಂದ ದಿನ, ಗಳಿಕೆ, ಕಡಿತ, ರೇಟಿಂಗ್, ರೇಟ್ ಕಾರ್ಡ್ ನಾಲ್ಕರ ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಂದು ಫೋನ್‌ಗೆ ಕಳಿಸಿಡಿ. ತಾರೀಖು ಕಾಣುವ ಹಾಗೆ ತೆಗೆಯಿರಿ.

ಮೂರನೆಯದು ಬರವಣಿಗೆ. ಬ್ಲಾಕ್ ಆದ ದಿನವೇ ಕಂಪನಿಗೆ ಹೀಗೆ ಕಳಿಸಿ, ಇದನ್ನೇ ನಕಲು ಮಾಡಿಕೊಳ್ಳಿ:

‘ನನ್ನ ಐಡಿಯನ್ನು (ಸಂಖ್ಯೆ) ಈ ದಿನ (ತಾರೀಖು, ಸಮಯ) ಬ್ಲಾಕ್ ಮಾಡಲಾಗಿದೆ. ಗಿಗ್ ಕಾರ್ಮಿಕರ ಅಧಿನಿಯಮ 2025ರ ಪ್ರಕಾರ ಬರಬೇಕಾಗಿದ್ದ 14 ದಿನಗಳ ನೋಟಿಸ್ ನನಗೆ ಬಂದಿಲ್ಲ, ಲಿಖಿತ ಕಾರಣವನ್ನೂ ಕೊಟ್ಟಿಲ್ಲ. ಕರಾರಿನ ಯಾವ ಷರತ್ತನ್ನು ನಾನು ಮುರಿದಿದ್ದೇನೆ, ಅದಕ್ಕೆ ಆಧಾರವೇನು ಎಂಬುದನ್ನು ಕನ್ನಡದಲ್ಲಿ ತಿಳಿಸಿ. ನನ್ನ ಕರಾರಿನ ಕನ್ನಡ ಪ್ರತಿ ಕೊಡಿ. ಈ ದೂರನ್ನು ಅದೇ ಅಧಿನಿಯಮದಡಿಯ ನಿಮ್ಮ ಆಂತರಿಕ ವ್ಯಾಜ್ಯ ಪರಿಹಾರ ಸಮಿತಿಯ ಮುಂದೆ ಇಡಿ.’

ಉತ್ತರ ಬರದಿದ್ದರೆ, ಬಂದ ಉತ್ತರ ಬರೀ ಹಾರಿಕೆಯದಾದರೆ, ಇದೇ ಪತ್ರ ಮತ್ತು ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ತೆಗೆದುಕೊಂಡು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ಒಬ್ಬರೇ ಹೋಗಬೇಡಿ, ನಿಮ್ಮ ಹಬ್‌ನ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ. ದೂರಿನ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳದೆ ಆ ಕಚೇರಿಯಿಂದ ಹೊರಗೆ ಬರಬೇಡಿ.