ಟೋಪಿ ಹಾಕ್ಕೊಳ್ಳಿ, ಹಾಕಿಸ್ಕೋಬೇಡಿ

1/5
ರಿಚರ್ಡ್ಸ್ ಪಾರ್ಕ್ ಸುತ್ತ ಒಂದು ಸಂಜೆ ನಡೆದು ನೋಡಿ. ಹಳೇ ಬಂಗಲೆ ಗೇಟ್ ಮುಂದೆ ಹ್ಯಾಟ್ ಹಾಕ್ಕೊಂಡು ರೀಲ್ಸ್ ಮಾಡೋರು ಒಬ್ಬರಾದ್ರೂ ಸಿಗ್ತಾರೆ. ಮಾಡ್ಲಿ, ಚೆನ್ನಾಗೇ ಕಾಣ್ತಾರೆ. ನನ್ನ ತಕರಾರು ಇರೋದು ಆ ಹ್ಯಾಟ್ ಮಾರಿದವರ ಜೊತೆ. 'ಪ್ರೀಮಿಯಂ ಫೆಲ್ಟ್' ಅಂತಾರೆ, ಯಾವ ಫೆಲ್ಟ್ ಅಂತ ಹೇಳಲ್ಲ. ನಾವೂ ಕೇಳಲ್ಲ.

2/5
ಫರ್ ಫೆಲ್ಟ್ ಅಂದ್ರೆ ಮೊಲ ಅಥವಾ ಬೀವರ್ ಮೈಮೇಲಿನ ಒಳಪದರದ ನಯವಾದ ತುಪ್ಪಳ. ಬಿಸಿನೀರು, ಆವಿ, ಒತ್ತಡ ಕೊಟ್ಟು ಕುಗ್ಗಿಸ್ತಾ ಹೋದ್ರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗ್ತವೆ. ನೇಯ್ಗೆನೇ ಬೇಡ. ಉಣ್ಣೆ ಫೆಲ್ಟ್ ಕುರಿಯದು: ಒರಟು, ಅಗ್ಗ, ಮಳೇಲಿ ನೆನೆದ್ರೆ ಆಕಾರ ಬೇಗ ಕೆಡುತ್ತೆ. ಮೂರನೇದು ಪಾಲಿಯೆಸ್ಟರ್. ಇಟಲಿಯ ಬೊರ್ಸಲಿನೊ (1857), ಅಮೆರಿಕದ ಸ್ಟೆಟ್ಸನ್ (1865) ಹೆಸರು ಮಾಡಿದ್ದು ಮೊದಲನೇದರಿಂದ. ಮೂರನೇದಕ್ಕೆ ಮೊದಲನೇದರ ರೇಟ್ ಯಾಕೆ ಕೊಡ್ತೀರಿ?

3/5
ಕೈಯಲ್ಲಿ ಹಿಡಿದು ನೋಡಿ.
👉 ಅಂಚು ಸವರಿ. ತೆಳ್ಳಗಿದ್ದೂ ಗಟ್ಟಿ, ನುಣುಪು ಇರಬೇಕು.
👉 ಮೆಲ್ಲಗೆ ಬಗ್ಗಿಸಿ ಬಿಡಿ. ಮತ್ತೆ ಮೊದಲಿನ ಹಾಗೆ ಆಗಬೇಕು.
👉 ಒಳಗಿನ ಬೆವರು ಪಟ್ಟಿ ಚರ್ಮದ್ದಾ? ಹೊಲಿದಿದ್ದಾರಾ, ಗೋಂದು ಹಚ್ಚಿದ್ದಾರಾ?
👉 ಒಳಗೆ 5ಎಕ್ಸ್, 10ಎಕ್ಸ್ ಅಂತ ಮುದ್ರೆ ಇದ್ರೆ ಮರುಳಾಗಬೇಡಿ. ಎಲ್ಲಾ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ.
👉 ಹಣೆ ಮತ್ತು ಕಿವಿ ಮೇಲೆ ಟೇಪ್ ಸುತ್ತಿ ತಲೆ ಅಳತೆ ಸೆಂಟಿಮೀಟರಲ್ಲಿ ಬರ್ಕೊಂಡು ಹೋಗಿ. 'ಫ್ರೀ ಸೈಜ್' ಅಂದ್ರೆ ಯಾರ ಸೈಜೂ ಅಲ್ಲ.

4/5
'ಫೋಟೋಗೆ ತಾನೇ ಗುರೂ' ಅಂತೀರಾ? ಬಿಕಾಂ ಓದ್ತಿದೀವಿ, ಲೆಕ್ಕ ಹಾಕೋಣ. 1,500 ರೂಪಾಯಿದು ಐದು ಸಲ ಹಾಕಿ ಮೂಲೆಗೆ ಎಸೆದ್ರೆ ಸಲಕ್ಕೆ 300. 12,000ದ್ದು ವರ್ಷಕ್ಕೆ 30 ಸಲದ ಹಾಗೆ ಹತ್ತು ವರ್ಷ ಹಾಕಿದ್ರೆ ಸಲಕ್ಕೆ 40. ಅಷ್ಟು ದುಡ್ಡು ನನ್ನ ಹತ್ರಾನೂ ಇಲ್ಲ. ಇಲ್ದಿದ್ರೆ ಉಣ್ಣೇದನ್ನ ಉಣ್ಣೆ ಬೆಲೆಗೆ ತಗೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಏಪ್ರಿಲ್ ಬಿಸಿಲಿಗಂತೂ ಫೆಲ್ಟೇ ಬೇಡ, ಹುಲ್ಲಿನ ಹ್ಯಾಟ್ ಸಾಕು. ಬ್ರಿಟಿಷರ ಕಾಲದಲ್ಲೂ ಬಿಸಿಲಿಗೆ ಹಾಕ್ತಿದ್ದದ್ದು ಗಿಡದ ಬೆಂಡಿನಿಂದ ಮಾಡಿದ ಸೋಲಾ ಟೋಪಿ.

5/5
ಇನ್ನೊಂದು ಮಾತು. ಫರ್ ಅಂದ್ರೆ ಪ್ರಾಣಿ. ನಮ್ಮಲ್ಲಿ ಎಷ್ಟೋ ಜನ ಮೊಲದ ತುಪ್ಪಳ ತಲೆ ಮೇಲೆ ಇಟ್ಕೊಳ್ಳಲ್ಲ. ಅವರಿಗೂ ಗೊತ್ತಾಗಬೇಕಲ್ವಾ? ಮುಚ್ಚಿಟ್ರೆ ಫರ್ ಬೇಕು ಅನ್ನೋರಿಗೂ ಮೋಸ, ಬೇಡ ಅನ್ನೋರಿಗೂ ಮೋಸ. ಸರಕಿನ ಗುಣಮಟ್ಟ, ಶುದ್ಧತೆ, ಬೆಲೆ ತಿಳಿಯೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಹಕ್ಕು. ಸಹಾಯವಾಣಿ ನಂಬರ್ 1915.

ಇನ್ಮೇಲೆ ಆರ್ಡರ್ ಮಾಡೋ ಮೊದಲು ಒಂದೇ ಮೆಸೇಜ್ ಹಾಕಿ: 'ಇದು ಯಾವುದರ ಫೆಲ್ಟ್? ಬಿಲ್‌ನಲ್ಲಿ ಬರೆದು ಕೊಡ್ತೀರಾ?' ಉತ್ತರ ಬರಲಿಲ್ವಾ, ದುಡ್ಡು ಜೇಬಲ್ಲೇ ಇರ್ಲಿ.

ಸೇವ್ ಮಾಡ್ಕೊಳ್ಳಿ. ಹ್ಯಾಟ್ ಹುಚ್ಚಿರೋ ಫ್ರೆಂಡ್‌ನ ಟ್ಯಾಗ್ ಮಾಡಿ.

#ಟೋಪಿಹಾಕಿಸ್ಕೋಬೇಡಿ #ರಿಚರ್ಡ್ಸ್‌ಟೌನ್