ಆಪ್ತಸಮಾಲೋಚಕರ ಸಂಬಳಕ್ಕೆ ದುಡ್ಡಿಲ್ಲವೇ?

ಹಳ್ಳಿಯ ಸರ್ಕಾರಿ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ಸೀಮೆಸುಣ್ಣ, ಕರೆಂಟ್ ಬಿಲ್ಲು, ಶೌಚಾಲಯದ ಫಿನಾಯಿಲು ಎಲ್ಲಕ್ಕೂ ಅನುದಾನದಲ್ಲಿ ದಾರಿಯಿತ್ತು. ಜಾತಿ ಎತ್ತಿಯೋ ಮೈಬಣ್ಣ ಹಿಡಿದೋ ಸಹಪಾಠಿಗಳು ದಿನವೂ ಹಂಗಿಸುವ ಹುಡುಗಿಯ ಮಾತನ್ನು ಕೂತು ಕೇಳಬಲ್ಲವರಿಗೆ ಕೊಡಲು ಮಾತ್ರ ದುಡ್ಡಿರಲಿಲ್ಲ. ಆ ಕೆಲಸ ಪಿ.ಇ. ಮೇಷ್ಟ್ರಿಗೋ, ಬಿಡುವಿದ್ದ ಟೀಚರಿಗೋ ಬೀಳುತ್ತಿತ್ತು. ಅವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ತರಬೇತಿ ಇರಲಿಲ್ಲ. “ಸುಮ್ನೆ ರೇಗಿಸ್ತಾರೆ, ಬಿಡಮ್ಮ” ಅಂದುಬಿಟ್ಟರೆ ಮಗು ಮತ್ತೆಂದೂ ಹೇಳಲು ಬರುವುದಿಲ್ಲ.

2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿ ಹೇಳುತ್ತದೆ. ಯಾವ ಸಾವಿಗೂ ಒಂದೇ ಕಾರಣವಿರುವುದಿಲ್ಲ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು, ಚಿಕ್ಕವು ಹೊರಗಿನ ತಜ್ಞರ ನಂಟು ಇಟ್ಟುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳು ನೂರನ್ನು ಮುಟ್ಟುವುದೇ ಇಲ್ಲ.

ಹೊರಗಿನ ತಜ್ಞರೆಂದರೆ ನಮಗೆ ತಾಲ್ಲೂಕು ಆಸ್ಪತ್ರೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ಒಳ್ಳೆಯ ಯೋಜನೆಯೇ. ಶಕ್ತಿ ಯೋಜನೆಯಿಂದ ತಾಯಿ-ಮಗಳಿಗೆ ಬಸ್ಸಿನ ಖರ್ಚೂ ಇಲ್ಲ. ಆದರೆ ತಾಯಿಯ ಆ ದಿನದ ಕೂಲಿ ಹೋಯಿತು, ಮಗಳ ಪಾಠ ಹೋಯಿತು. ಸಂಜೆ ಊರಿಗೆ ಬಂದರೆ “ಹುಚ್ಚಿನ ಡಾಕ್ಟ್ರ ಹತ್ರ ಯಾಕೆ ಹೋಗಿದ್ರಿ?” ಎಂಬ ಪ್ರಶ್ನೆ. ಮುಂದಿನ ಮಂಗಳವಾರ ಅವರು ಹೊರಡುವುದಿಲ್ಲ. ಸರ್ಕಾರ ಉಳಿಸಿದೆನೆಂದುಕೊಳ್ಳುವ ಹಣವನ್ನು ತೆರುವವಳು ಆ ತಾಯಿ.

ಹಾಗಾಗಿ ಐದಾರು ಚಿಕ್ಕ ಶಾಲೆಗಳಿಗೆ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಬರಲಿ. ಹುದ್ದೆ ಕಾಯಂ ಆಗಿರಲಿ. ಅತಿಥಿ ಶಿಕ್ಷಕರಂತೆ ವರ್ಷಕ್ಕೊಬ್ಬರನ್ನು ಬದಲಾಯಿಸಬೇಡಿ. ಮಗು ಬಾಯಿಬಿಡಲು ತಿಂಗಳುಗಳೇ ಬೇಕು. ಹಂಗಿಸುವ ಹುಡುಗನಿಗೂ ಅವರ ಅಗತ್ಯವಿದೆ, ಟಿ.ಸಿ. ಕೊಟ್ಟು ಕಳಿಸಿದರೆ ಮುಂದಿನ ಶಾಲೆಯಲ್ಲಿ ಅವನ ಕಾಟಕ್ಕೆ ಇನ್ನೊಂದು ಮಗು ಸಿಗುತ್ತದೆ, ಅಷ್ಟೆ.

ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರತಿ ತರಗತಿಯ ಗೋಡೆಯ ಮೇಲೂ ಅದನ್ನು ಇವತ್ತೇ ಬರೆಸಿ. ಆದರೆ ಮನೆಗಿರುವ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿರುವಾಗ ಆ ಮಗುವಿಗೆ ಶಾಲೆಯಲ್ಲೇ ಒಬ್ಬರು ಬೇಕು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಹುದ್ದೆಗಾಗಿ ನಿರ್ಣಯ ಮಾಡಿ, ಬಜೆಟ್ಟಿಗೆ ಮೊದಲೇ ನಿಮ್ಮ ಶಾಸಕರ ಕೈಗೆ ಕೊಡಿ.